ಅತ್ತೆಯ ಹೂಮಳೆ ಸಿದ್ಧಾಂತ

ಅತ್ತೆಯ ಹನ್ನೊಂದನೆಯ ದಿನದ ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಯವರು ಅನ್ನಕ್ಕೆ ಸಾರು ಕಲಸಿಕೊಳ್ಳುತ್ತ ಮೆಲ್ಲಗೆ ಕೇಳಿದರು: “ನಿಮ್ಗೂ ಅವ್ರಿಗೂ ಬೇಲಿ ತಕರಾರು ಏನಾದ್ರೂ ಇತ್ತಾ? ನಾನು ಈ ದಾರೀಲಿ ಹೋಗುವಾಗ್ಲೆಲ್ಲ ನೀವಿಬ್ರೂ ಕಿತ್ತಾಡೋದು ಕೇಳಿಸ್ತಿತ್ತು.”

“ಹೂಂ, ಇತ್ತು” ಎಂದುಬಿಟ್ಟೆ. ಬೇರೆ ಏನು ಹೇಳಲಿ? ಎಲ್ಲೋ ಸಮುದ್ರದಾಚೆ ಕೂತ ಒಬ್ಬಾತ ಬರೆದ ಕಥೆಯಲ್ಲಿ, ಇಲ್ಲದ ಊರಿನ, ಇಲ್ಲದ ಮನುಷ್ಯರು ಮಾಡುವ ಮಂತ್ರವಿದ್ಯೆ ಯಾವ ನಿಯಮದ ಮೇಲೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ನಾವಿಬ್ಬರೂ ವರ್ಷಗಟ್ಟಲೆ ಜಗಳವಾಡಿದೆವು ಎಂದರೆ, ಆ ಮನುಷ್ಯ ಎಲೆ ಮಡಚಿ ಎದ್ದುಹೋಗುತ್ತಿದ್ದರು. ಬೇಲಿ ತಕರಾರು ಎಂದರೆ ಮರ್ಯಾದೆ ಇದೆ.

ಅವರು ನನಗೆ ದೂರದ ವರಸೆಯಲ್ಲಿ ಅತ್ತೆ. ಯಾವ ಕಡೆಯಿಂದ, ಹೇಗೆ ಎಂದು ನನ್ನ ತಾಯಿಗೂ ಸರಿಯಾಗಿ ಗೊತ್ತಿಲ್ಲ. ನಮ್ಮ ಕಡೆ ಕಾಫಿ ತೋಟ ಇರುವವರೆಲ್ಲ ಹೇಗೋ ಒಬ್ಬರಿಗೊಬ್ಬರು ಏನೋ ಆಗಲೇಬೇಕು. ಹೊಂಗಡಹಳ್ಳದ ದಾರಿಯಲ್ಲಿ ಅವರ ಮತ್ತು ಅವರ ತಮ್ಮನ ತೋಟ. ತಮ್ಮ ಬ್ಯಾಂಕು, ಮಾರಾಟ, ಸಭೆ ನೋಡಿಕೊಂಡರೆ ಅತ್ತೆ ಗಿಡ ಮತ್ತು ಆಳುಗಳನ್ನು ನೋಡಿಕೊಳ್ಳುತ್ತಿದ್ದರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಪೈಕಿ ಯಾರಿಗೂ ಬರಲಿಲ್ಲ. ಸೀರೆಯ ಮೇಲೆ ತಮ್ಮನ ಹಳೆಯ ಸ್ವೆಟರು, ಕಾಲಿಗೆ ಗಂಬೂಟು, ತಲೆಗೆ ಟವೆಲು. ಚಿಕ್ಕಂದಿನಲ್ಲಿ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಓದಿದ್ದರಿಂದ ಇಂಗ್ಲಿಷನ್ನು ನನಗಿಂತ ಚೆನ್ನಾಗಿ ಓದುತ್ತಿದ್ದರು. ನಾನು ಆಲೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ನನ್ನ ಪಾಠದ ಹೊತ್ತಿನಲ್ಲಿ ಕಿಟಕಿಯಾಚೆ ದನ ಹೋದರೂ ವಿದ್ಯಾರ್ಥಿಗಳು ಅದನ್ನೇ ಆಸಕ್ತಿಯಿಂದ ನೋಡುತ್ತಾರೆ.

ಆದರೆ ನನಗೊಂದು ಗುಪ್ತ ಜೀವನವಿತ್ತು. ಮೇಲೆ ಹೇಳಿದ ಕಥೆಮಾಲೆಯ ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಸೇರುವ ಒಂದು ಕಟ್ಟೆಯಲ್ಲಿ ನಾನು ದೊಡ್ಡ ಪಂಡಿತ. ದೊಡ್ಡ ಪಂಡಿತ ಎಂದು ನನಗೆ ಅನ್ನಿಸಿತ್ತು. ಆ ಕಥೆಯಲ್ಲಿ ಕೆಲವರಿಗೆ ‘ಕರೆಯುವ’ ಶಕ್ತಿ ಇರುತ್ತದೆ. ಬೆಂಕಿಯನ್ನು ಕರೆದರೆ ಬೆಂಕಿ ಬರುತ್ತದೆ, ಗಾಳಿಯನ್ನು ಕರೆದರೆ ಗಾಳಿ. ಕೆಲವು ಸಲ ಎಷ್ಟು ಕರೆದರೂ ಬರುವುದಿಲ್ಲ. ಯಾಕೆ ಬರುತ್ತದೆ, ಯಾಕೆ ಬರುವುದಿಲ್ಲ ಎಂದು ಬರೆದವನು ದಪ್ಪ ದಪ್ಪ ಆರು ಸಂಪುಟಗಳಲ್ಲೂ ಬಾಯಿಬಿಟ್ಟಿರಲಿಲ್ಲ. ಏಳನೆಯದರಲ್ಲಿ ಹೇಳುತ್ತೇನೆ ಎಂದು ಸುಮ್ಮನಾಗಿದ್ದ. ಅಭಿಮಾನಿಗಳಿಗೆ ಅಷ್ಟೇ ಸಾಕಾಯಿತು. ಒಬ್ಬ ಎಲ್ಲವೂ ಚಂದ್ರನ ವೃದ್ಧಿಕ್ಷಯದ ಮೇಲೆ ನಿಂತಿದೆ ಎಂದು ಪಂಚಾಂಗವನ್ನೇ ತಯಾರು ಮಾಡಿದ. ಇನ್ನೊಬ್ಬಳು ಇಡೀ ಕಥೆ ನಾಯಕನ ಜ್ವರದ ಕನಸು ಎಂದಳು. ನಾನು ‘ಎಳೆದಾಟದ ಸಿದ್ಧಾಂತ’ ಮಂಡಿಸಿದೆ. ಯಾವುದೂ ಶೂನ್ಯದಿಂದ ಬರುವುದಿಲ್ಲ, ಇಲ್ಲಿ ಬೆಂಕಿ ಕರೆದರೆ ಇನ್ನೆಲ್ಲೋ ಒಂದು ಒಲೆ ಆರುತ್ತದೆ, ಆ ಕಡೆಯವರು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಇಲ್ಲಿಗೆ ಬರುವುದಿಲ್ಲ, ಇಷ್ಟೇ ಅದರ ಸಾರ. ಇಷ್ಟನ್ನು ಹೇಳಲು ಕಂತು ಕಂತಾಗಿ ಒಂದು ಮಹಾಪ್ರಬಂಧ ಬರೆದೆ. ಅದಕ್ಕೆ ಬಂದ ಬೆರಳೆಣಿಕೆಯ ಮೆಚ್ಚುಗೆಗಳಲ್ಲಿ ಒಂದು ನನ್ನದೇ ಇನ್ನೊಂದು ಖಾತೆಯಿಂದ ಬಂದದ್ದು.

ಹಾಸನ ಜಿಲ್ಲೆಯಲ್ಲಿ ಈ ಪುಸ್ತಕಗಳನ್ನು ಓದಿದವನು ನಾನೊಬ್ಬನೇ ಎಂಬ ಜಂಬ ನನಗೆ ಒಳಗೊಳಗೇ ಇತ್ತು. ಒಂದು ಜನವರಿಯಲ್ಲಿ ಯಾವುದೋ ಮದುವೆಯ ಕರೆಯೋಲೆ ಕೊಡಲು ಅತ್ತೆಯ ಮನೆಗೆ ಹೋದೆ. ಕೊಯ್ಲಿನ ಕಾಲ. ಅಂಗಳದಾಚೆಯ ಕಣದ ತುಂಬ ಕಾಫಿ ಹಣ್ಣು ಒಣಗಲು ಹರವಿದ್ದರು. ದನ, ಕೋಳಿ ಬರದ ಹಾಗೆ ಕಣ ಕಾಯುವುದು ಅತ್ತೆಯ ಕೆಲಸ. ಕೊಡೆಯನ್ನು ಕುರ್ಚಿಗೆ ಕಟ್ಟಿಕೊಂಡು, ಅದರ ನೆರಳಿನಲ್ಲಿ ಕೂತು, ನನ್ನ ಆ ಕಥೆಮಾಲೆಯ ಮೂರನೆಯ ಸಂಪುಟವನ್ನು ಓದುತ್ತಿದ್ದರು! ನೆಂಟರ ಹೋಂಸ್ಟೇನಲ್ಲಿ ಯಾರೋ ಪ್ರವಾಸಿಗಳು ಮೊದಲನೆಯದನ್ನು ಬಿಟ್ಟುಹೋಗಿದ್ದರಂತೆ. ಉಳಿದದ್ದನ್ನು ಇವರೇ ತರಿಸಿಕೊಂಡಿದ್ದರು.

ನನಗಾದ ಸಂಕಟ ಹೇಳತೀರದು. ಆದರೂ ಪಂಡಿತನಲ್ಲವೇ, ದೊಡ್ಡ ಮನಸ್ಸು ಮಾಡಿ ನನ್ನ ಸಿದ್ಧಾಂತವನ್ನು ವಿವರಿಸಿದೆ. ಅತ್ತೆ ಒಂದು ಬೆರಳನ್ನು ಎತ್ತಿ ಹಿಡಿದು ಪೂರ್ತಿ ಕೇಳಿದರು.

“ಅಂದ್ರೆ ನೀನು ಮಂತ್ರಾನೂ ರೇಷನ್ ಅಂಗಡಿ ಮಾಡ್ಬುಟ್ಟೆ” ಎಂದರು. “ಹಂಗಲ್ಲ ಮಾರಾಯ. ಇದು ಹೂಮಳೆ ಇದ್ದಂಗೆ.”

ಹೂಮಳೆ ಎಂದರೆ ನಮ್ಮ ಕಡೆ ಬೇಸಿಗೆಯ ಮೊದಲಿಗೆ ಬರುವ ಮಳೆ. ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ತಿಂಗಳುಗಟ್ಟಲೆ ಒಣಗಬೇಕು. ಎಲೆ ಜೋತುಬೀಳುವಷ್ಟು ಒಣಗಿ, ಆಮೇಲೆ ಒಂದು ಒಳ್ಳೆಯ ಮಳೆ ಬಿದ್ದರೆ ವಾರ ಕಳೆಯುವಷ್ಟರಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಮೊದಲೇ ಅಷ್ಟಿಷ್ಟು ಹನಿ ಬಿದ್ದು ಗಿಡಕ್ಕೆ ಸಮಾಧಾನವಾಗಿಬಿಟ್ಟರೆ ಹೂವು ಕೆಟ್ಟಿತು. ಅತ್ತೆಯ ಪ್ರಕಾರ ಕರೆಯುವವರ ಶಕ್ತಿಯೂ ಹಾಗೆಯೇ. ಒಣಗಿದವನಿಗೆ ಮಾತ್ರ ಬರುತ್ತದೆ.

“ಈ ಕಥೆ ಹುಡ್ಗ ಮದ್ವೆ ಊಟ ಉಂಡು ತೇಗಿ ಬೆಂಕಿ ಕರ್ದ. ಬಂತಾ? ಬರ್ಲಿಲ್ಲ. ಜೈಲಲ್ಲಿ ಉಪಾಸ ಬಿದ್ದು ಕರ್ದ. ಸುಟ್ಟು ಬೂದಿ ಮಾಡ್ಬುಡ್ತು. ಎರಡ್ನೇ ಪುಸ್ತಕ ಇನ್ನೊಂದ್ಸಲ ಸರಿಯಾಗಿ ಓದು.”

ಎರಡನೆಯ ಪುಸ್ತಕದಲ್ಲಿ ಆ ಬೆಂಕಿ ಬಂದ ಮರುಪುಟದಲ್ಲೇ ಬೇರೆ ಊರಿನ ಮುದುಕಿಯೊಬ್ಬಳು ಒಲೆ ಆರಿತೆಂದು ಗೊಣಗುತ್ತಾಳೆ, ನನ್ನ ಸಿದ್ಧಾಂತಕ್ಕೆ ಅದೇ ಬುನಾದಿ ಎಂದೆ. ಅತ್ತೆ ಥಟ್ಟನೆ ಎದ್ದು ಕಣದ ಕಡೆ ತಿರುಗಿ “ಉಶ್! ಉಶ್!” ಎಂದು ಕೋಳಿ ಓಡಿಸಿದರು. ಕಣದಲ್ಲಿ ಕೋಳಿ ಇರಲಿಲ್ಲ. ವಾದದಲ್ಲಿ ಸೋಲುವ ಹೊತ್ತಿಗೆ ಸರಿಯಾಗಿ ಕೋಳಿ ಬರುವುದು ಆಮೇಲೂ ಎಷ್ಟೋ ಸಲ ನಡೆಯಿತು.

ಅಲ್ಲಿಂದ ವಾರಕ್ಕೊಂದು ಸಲವಾದರೂ ಹೋಗತೊಡಗಿದೆ. ನನಗೆ ಬೇಕಾಗಿದ್ದದ್ದು ಒಂದೇ ಮಾತು. ‘ನೀನು ಹೇಳಿದ್ದೇ ಸರಿ’ ಎಂದು ಅತ್ತೆಯ ಬಾಯಿಂದ ಒಮ್ಮೆ ಕೇಳಬೇಕು. ಈ ಆಸೆ ಎಂಥ ಹುಚ್ಚು ಎಂದು ತಿಳಿಯಬೇಕಾದರೆ ಅತ್ತೆಯ ಸ್ವಭಾವ ಗೊತ್ತಿರಬೇಕು. ಅವರು ಯಾರಿಗೂ ‘ನೀನು ಸರಿ’ ಎಂದವರಲ್ಲ. ತೀರ ಒಪ್ಪಲೇಬೇಕಾದಾಗ ಅವರ ಬಾಯಿಂದ ಬರುತ್ತಿದ್ದ ಮಾತು “ಇರ್ಬೋದು ಬಿಡು”. ದನದ ಡಾಕ್ಟರು ಹಸು ಗಬ್ಬವಾಗಿದೆ ಎಂದಾಗ, ಇರ್ಬೋದು ಬಿಡು. ಕರು ಹುಟ್ಟಿ ಎದ್ದು ನಿಂತು ಹಾಲು ಕುಡಿಯುತ್ತಿದ್ದಾಗಲೂ ಡಾಕ್ಟರಿಗೆ ಸಿಕ್ಕ ಮೆಚ್ಚುಗೆ ಅಷ್ಟೇ.

ನಾನು ಇನ್ನೊಂದು ಮೂರ್ಖ ಕೆಲಸ ಮಾಡಿದೆ. ಎದುರಾಳಿಯ ಬಗ್ಗೆ ಉದಾರವಾಗಿರಬೇಕು ಎಂದುಕೊಂಡು ಅತ್ತೆಯ ಸಿದ್ಧಾಂತವನ್ನು ನಮ್ಮ ಅಭಿಮಾನಿಗಳ ಕಟ್ಟೆಯಲ್ಲಿ ನಾಲ್ಕು ಸಾಲು ಬರೆದು ಹಾಕಿದೆ, ನಮ್ಮೂರಿನ ಹಿರಿಯ ಮಹಿಳೆಯೊಬ್ಬರ ಅಭಿಪ್ರಾಯ ಎಂದು. ಅದಕ್ಕೆ ಮೇಲಿಂದ ಮೇಲೆ ಮೆಚ್ಚುಗೆ ಬರತೊಡಗಿತು. ಯಾವ ಯಾವುದೋ ದೇಶದವರು ಹೂಮಳೆ ಪಕ್ಷ ಕಟ್ಟಿಕೊಂಡರು. ಚಂದ್ರನ ಪಂಚಾಂಗದವನು ತನ್ನ ಪಂಚಾಂಗ ಹರಿದುಹಾಕಿ ಅತ್ತೆಯ ಕಡೆ ಸೇರಿದ. ನನ್ನ ಮಹಾಪ್ರಬಂಧದ ಕೆಳಗೆ ಒಬ್ಬ, ‘ಇದೆಲ್ಲ ಬಿಡಿ, ಆ ತಾಯಿ ಏನನ್ನುತ್ತಾರೆ?’ ಎಂದು ಬರೆದ. ನನ್ನ ಇನ್ನೊಂದು ಖಾತೆಯಿಂದ ಅವನಿಗೆ ಚೆನ್ನಾಗಿ ಬೈದೆ.

ಹೊಟ್ಟೆಯುರಿ ನುಂಗಿಕೊಂಡು ಈ ಸುದ್ದಿಯನ್ನು ಅತ್ತೆಗೆ ಹೇಳಿದೆ. ಅವರು ಕಿತ್ತಳೆ ಸುಲಿಯುತ್ತಿದ್ದರು. “ಅವ್ರಿಗೆಲ್ಲ ತೋಟ ಐತಾ?” ಎಂದು ಕೇಳಿದರು.

“ಇಲ್ಲ ಅನ್ಸುತ್ತೆ.”

“ಮತ್ತೆ ಅವ್ರಿಗೇನು ಗೊತ್ತು ಬಿಡು” ಎಂದು ಎರಡು ತೊಳೆ ನನ್ನ ಕೈಗೆ ಹಾಕಿದರು. ಜಗತ್ತಿನ ಮನ್ನಣೆಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವವರ ಎದುರು ನನ್ನಂಥವನು ಗೆಲ್ಲುವುದು ಹೇಗೆ?

ನಮ್ಮ ಮಾತು ಬರೀ ನಮ್ಮಿಬ್ಬರ ನಡುವೆ ಉಳಿಯಲಿಲ್ಲ. ಬೆಂಕಿ ಕರೆಯುವುದು, ಗಾಳಿ ಕರೆಯುವುದು, ಯಾರು ಕರೆದರೆ ಬರುತ್ತದೆ ಎಂದೆಲ್ಲ ನಾವು ಕೂಗಾಡುವುದನ್ನು ಆಳುಗಳ ಹಾಜರಿ ನೋಡಿಕೊಳ್ಳುವ ತೋಟದ ರೈಟರ್ ದಿನವೂ ಕೇಳಿಸಿಕೊಳ್ಳುತ್ತಿದ್ದರು. ಅವರಿಂದ ಆಳುಗಳು ಇರುವ ಲೈನ್ ಮನೆಗಳಿಗೆ, ಅಲ್ಲಿಂದ ಸಂತೆಗೆ ಸುದ್ದಿ ಹಬ್ಬಿತು. ಒಂದು ದಿನ ಬಾಳ್ಳುಪೇಟೆ ಕಡೆಯಿಂದ ಒಬ್ಬರು ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಬಂದು ಅತ್ತೆಯ ಎದುರು ಕೈಮುಗಿದು ನಿಂತರು.

“ಮೆಣಸಿನ ಬಳ್ಳಿ ಎಲ್ಲಾ ನಿಂತಲ್ಲೇ ಒಣಗ್ತಾ ಅವೆ ಅಮ್ಮಾ. ಯಾರೋ ಮಾಡ್ಸವ್ರೆ. ನೀವು ತೆಗೀತೀರಂತೆ.”

ಅತ್ತೆ ಅವರನ್ನು ಕೂರಿಸಿ ಕಾಫಿ ಕೊಟ್ಟು, ಬುಡದಲ್ಲಿ ನೀರು ನಿಲ್ಲುತ್ತದೆಯೇ ಎಂದು ವಿಚಾರಿಸಿದರು. ನಿಲ್ಲುತ್ತದಂತೆ. “ಅದು ಮಾಟ ಅಲ್ಲ ಕಣ್ರೀ, ಸೊರಗು ರೋಗ. ಮೊದ್ಲು ಕಾಲುವೆ ತೆಗ್ಸಿ” ಎಂದರು. ಬಂದವರಿಗೆ ಬಹಳ ನಿರಾಸೆಯಾಯಿತು. ಮೂಲೆಯಲ್ಲಿ ಕೂತಿದ್ದ ನನ್ನ ಕಡೆ ಆಸೆಯಿಂದ ನೋಡಿ, “ಇವ್ರಿಗೆ ಏನಾದ್ರೂ ಬರ್ತದಾ?” ಎಂದು ಕೇಳಿದರು.

“ಇವ್ನಿಗಾ?” ಎಂದರು ಅತ್ತೆ. “ಇವ್ನುದು ಬರೀ ಥಿಯರಿ. ಪ್ರಾಕ್ಟಿಕಲ್ ಇಲ್ಲ.”

ನನ್ನ ಇಡೀ ಜೀವನದ ಬಗ್ಗೆ ಯಾರೂ ಇಷ್ಟು ಚುಟುಕಾಗಿ ಹೇಳಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ನಗುವುದನ್ನು ನಿಲ್ಲಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಇನ್ನೊಮ್ಮೆ ಸಂಜೆ ಮುಂದೆ ಆನೆ ಬಂತು. ನಮ್ಮ ಕಡೆ ಇದು ವಿಶೇಷವಲ್ಲ, ಮೊಬೈಲಿಗೆ ಅರಣ್ಯ ಇಲಾಖೆಯ ಸಂದೇಶ ಬಂದ ಮೇಲೆ ಯಾರೂ ಅಂಗಳ ದಾಟುವುದಿಲ್ಲ. ನಾವಿಬ್ಬರೂ ಕಾಫಿ ಚೀಲ ಇಡುವ ಸ್ಟೋರಿನಲ್ಲಿ ಸಿಕ್ಕಿಕೊಂಡೆವು. ಹೊರಗೆ ಬಾಳೆ ಮುರಿಯುವ ಸದ್ದು. ಸದ್ದು ಮಾಡಬೇಡ ಎಂದು ಅತ್ತೆ ಬಾಯ ಮೇಲೆ ಬೆರಳಿಟ್ಟರು. ಆಮೇಲೆ ಅವರೇ ನನ್ನ ಕಿವಿಯ ಹತ್ತಿರ ಬಂದು, ಐದನೆಯ ಸಂಪುಟದಲ್ಲಿ ರಾಣಿ ಗಾಳಿ ಕರೆದದ್ದು ಹಸಿದಾಗಲೋ ಉಂಡ ಮೇಲೋ ಎಂದು ಕೇಳಿದರು. ಪಿಸುಮಾತಿನಲ್ಲಿ ಜಗಳವಾಡುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು. ಸಿಟ್ಟು ಬಂದರೂ ದನಿ ಏರಿಸುವ ಹಾಗಿಲ್ಲ, ಕೈಕಾಲು ಆಡಿಸಿಯೇ ವಾದಿಸಬೇಕು. ಕತ್ತಲಾಗುವ ಮುಂಚೆ ಆನೆ ತನ್ನ ಪಾಡಿಗೆ ಹೋಯಿತು. ಅತ್ತೆಯ ತಮ್ಮನ ಹೆಂಡತಿ ಬಂದು ಬಾಗಿಲು ತೆಗೆದಾಗ ನಾವಿಬ್ಬರೂ ಮುಖ ಕೆಂಪಗೆ ಮಾಡಿಕೊಂಡು ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತ ನಿಂತಿದ್ದೆವು. ಆಯಮ್ಮ ಪಾಪ, ಹೆದರಿಕೆಯಿಂದ ಹೀಗಾಗಿದೆ ಎಂದುಕೊಂಡು ಇಬ್ಬರಿಗೂ ನೀರು ತಂದುಕೊಟ್ಟರು.

ಏಳನೆಯ ಸಂಪುಟ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತಿರುವಾಗಲೇ ಅತ್ತೆಯ ಕಣ್ಣು ಹೋಗತೊಡಗಿತು. ಪೂರ್ತಿ ಅಲ್ಲ. “ಅಕ್ಕಪಕ್ಕ ಕಾಣ್ತದೆ, ನಡುವೆ ನೋಡಿದ್ದು ಕಾಣಲ್ಲ” ಎನ್ನುತ್ತಿದ್ದರು. ತೋಟದಲ್ಲಿ ಓಡಾಡುತ್ತಿದ್ದರು, ಅಕ್ಷರ ಮಾತ್ರ ಕಣ್ಣಿಗೆ ಸಿಗುತ್ತಿರಲಿಲ್ಲ. ಇನ್ನು ಸರಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಅತ್ತೆ “ಇರ್ಬೋದು ಬಿಡು” ಎಂದರು. ಆ ಮಾತನ್ನು ಅವರ ಬಾಯಿಂದ ಕೇಳಿ ನನಗೆ ಮೊದಲ ಸಲ ಭಯವಾಯಿತು. ಅದರ ಹಿಂದೆಯೇ ಹೃದಯದ ತೊಂದರೆ ಕಾಣಿಸಿಕೊಂಡಿತು.

ಕೊನೆಗೆ ಈ ವರ್ಷ ಹೂವಿನ ಕಾಲ ಮುಗಿಯುತ್ತಿದ್ದ ಹಾಗೆ ಆ ಪುಸ್ತಕ ಬಂದೇ ಬಂತು. ನಾನು ರಜೆ ಹಾಕಿ, ಊಟ ತಿಂಡಿಗೂ ಏಳದೆ ಓದಿದೆ. ಕೊನೆಯ ಭಾಗದಲ್ಲಿ ಕುರುಡು ಅಗಸನೊಬ್ಬ ನಾಯಕನಿಗೆ ಗುಟ್ಟು ಹೇಳುತ್ತಾನೆ: ನೀನು ಕರೆದದ್ದೆಲ್ಲ ಇನ್ನೊಬ್ಬರ ಮನೆಯಿಂದ ಬಂದದ್ದು, ಅವರು ಬಿಟ್ಟುಕೊಟ್ಟಾಗ ನಿನಗೆ ಸಿಕ್ಕಿತು, ಹಿಡಿದುಕೊಂಡಾಗ ಸಿಗಲಿಲ್ಲ. ಅಕ್ಷರಶಃ ಎಳೆದಾಟದ ಸಿದ್ಧಾಂತ! ನಾನು ಮಂಚದ ಮೇಲೆ ನಿಂತು ಕುಣಿದೆ. ಸೊಂಟ ಹಿಡಿದುಕೊಂಡಿತು. ಹಾಗೇ ಬಾಗಿಕೊಂಡು ಸ್ಕೂಟರ್ ಹತ್ತಿ ಅತ್ತೆಯ ಮನೆಗೆ ಹೊರಟೆ. ಗೆದ್ದೆ ಎಂದು ಹೇಳುವುದನ್ನು ದಾರಿಯುದ್ದಕ್ಕೂ ಬೇರೆ ಬೇರೆ ರೀತಿಯಲ್ಲಿ ಅಭ್ಯಾಸ ಮಾಡಿದೆ.

ಅತ್ತೆ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದರು. ಜಗುಲಿಯ ಮಂಚದ ಮೇಲೆ ಒರಗಿದ್ದರು. ಆ ಸ್ವೆಟರಿನೊಳಗೆ ಅವರು ಎಷ್ಟು ಸಣ್ಣಗಾಗಿದ್ದರೆಂದರೆ ದಾರಿಯಲ್ಲಿ ಅಭ್ಯಾಸ ಮಾಡಿದ್ದನ್ನೆಲ್ಲ ಬಿಟ್ಟು ಮಂಚದ ಪಕ್ಕ ಕೂತೆ.

“ಬಂತಾ ಪುಸ್ತಕ?” ಎಂದರು. “ಏನಾಯ್ತು ಅಂತ ಹೇಳ್ಬೇಡ. ಓದು.”

ಮಧ್ಯಾಹ್ನ ಕಾಲೇಜು ಮುಗಿಸಿ ಹೋಗುವುದು, ಕನ್ನಡ ಮಾಡಿಕೊಳ್ಳುತ್ತ ಓದುವುದು, ಹೀಗೆ ನಡೆಯಿತು. ಅವರಿಗೆ ಇಂಗ್ಲಿಷೇ ಸಾಕಿತ್ತು. ಆದರೆ ನನ್ನ ಇಂಗ್ಲಿಷ್ ಉಚ್ಚಾರಣೆ ಕೇಳಿದರೆ ಎದೆ ನೋವು ಹೆಚ್ಚಾಗುತ್ತದೆ ಎಂದಿದ್ದರು. ಅಗಸನ ಪುಟ ಹತ್ತಿರ ಬಂದ ಹಾಗೆಲ್ಲ ನನಗೆ ಕಸಿವಿಸಿ. ಈ ಹೆಂಗಸು ತನ್ನ ಹೂಮಳೆಯನ್ನು ನಂಬಿಕೊಂಡು ಇಷ್ಟು ವರ್ಷ ಕಾದಿದ್ದಾರೆ, ಈಗ ಸೋತೆ ಎಂದು ಓದಿ ಹೇಳುವುದೇ? ನನ್ನ ಗೆಲುವನ್ನು ಕಟ್ಟಿಕೊಂಡು ನಾನೇನು ಮಾಡಲಿ? ಆ ಪುಟ ಬಂದಾಗ ಕಣ್ಣು ಪುಸ್ತಕದ ಮೇಲಿಟ್ಟುಕೊಂಡೇ ಬಾಯಿಗೆ ಬಂದದ್ದು ಓದಿದೆ. ಕುರುಡು ಅಗಸ ನಾಯಕನ ಕೈಹಿಡಿದು, ಒಣಗಿದವನಿಗೆ ಮಾತ್ರ ಬರುತ್ತದೆ ಮಗನೇ, ಮೊದಲು ಒಣಗು ಎಂದ. ಸುಳ್ಳು ಹೇಳುವಾಗ ನನ್ನ ಭಾಷೆ ಬಹಳ ಚೆನ್ನಾಗಿ ಬಂತು. ಬರೆದವನಿಗಿಂತ ನಾನೇ ವಾಸಿ ಎನ್ನಿಸಿತು.

ಓದಿ ಮುಗಿಸಿ, ಅತ್ತೆಯ ಮುಖ ಅರಳುವುದನ್ನು ನೋಡಲು ತಲೆ ಎತ್ತಿದೆ.

“ಥೂ!” ಎಂದರು ಅತ್ತೆ.

“ಏನತ್ತೆ?”

“ಇಷ್ಟು ವರ್ಷ ಕಾಯ್ಸಿ ಇದನ್ನಾ ಬರ್ದಿದ್ದು? ತಪ್ಪು ಬರ್ದವ್ನೆ.”

“ನೀವು ಹೇಳಿದ್ದೇ ಅಲ್ವಾ ಇದು?”

“ನಾನು ಹೇಳಿದ್ದು ತಪ್ಪು ಕಣೋ.” ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. “ಹೋದ ವರ್ಷ ಹೂಮಳೆ ಬರ್ಲಿಲ್ಲ ಅಂತ ಹಳ್ಳಕ್ಕೆ ಮೋಟ್ರು ಇಟ್ಟು ಸ್ಪ್ರಿಂಕ್ಲರ್ ಹೊಡ್ಸುದ್ವಲ್ಲ, ನಮ್ ತೋಟ ಏನು ಚೆಂದ ಹೂವಾಯ್ತು ಅಂತೀಯ. ಅಷ್ಟೊತ್ತಿಗೆ ಕೆಳಗಿನ ಮನೆಯವ್ರು ಬಂದು ನಿಂತ್ಕಂಡ್ರು. ಹಳ್ಳ ಒಣಗೋಗೈತೆ, ದನಕ್ಕೆ ಕುಡ್ಸಕ್ಕೆ ನೀರಿಲ್ಲ ಅಂತ. ಗಿಡ ಒಣಗಿತ್ತು, ಅದ್ಕೇ ಹೂ ಬಂತು ಅಂತ ನಾನು ಹೇಳ್ತಾ ಕೂತಿದ್ದೆ. ನೀರು ಯಾರ ಮನೇದು ಅಂತ ಕೇಳ್ತಾ ಇದ್ದೋನು ನೀನು. ನೀನು ಹೇಳಿದ್ದೇ ಸರಿ.”

ನನ್ನ ಕೈಯಲ್ಲಿದ್ದ ಪುಸ್ತಕ ತೊಡೆಯ ಮೇಲೆ ಬಿತ್ತು. ಯಾವ ಮಾತಿಗಾಗಿ ನಾನು ಇಷ್ಟು ವರ್ಷ ಈ ದಾರಿ ಸವೆಸಿದ್ದೆನೋ ಆ ಮಾತು ಬಂದಿತ್ತು.

“ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ ಅತ್ತೆ?”

“ಹೇಳಿ, ಆಮೇಲೆ ವಾರ ವಾರ ನಿನ್ನ ಮುಖ ನೋಡ್ಬೇಕಿತ್ತಲ್ಲ!”

ಇನ್ನು ಸುಳ್ಳು ಬೇಡ ಎಂದುಕೊಂಡೆ. ಪುಸ್ತಕ ತೆಗೆದು ಹೇಳಿದೆ: “ಅತ್ತೆ, ಬರ್ದೋನು ತಪ್ಪು ಬರ್ದಿಲ್ಲ. ನಾನೇ ಬದ್ಲಾಯ್ಸಿ ಓದ್ದೆ. ಅವ್ನೂ ನಾನು ಹೇಳಿದ್ದನ್ನೇ ಬರ್ದಿದ್ದಾನೆ. ಕೇಳಿ ಬೇಕಾದ್ರೆ.” ಅಗಸನ ಮಾತನ್ನು ಇದ್ದದ್ದು ಇದ್ದ ಹಾಗೆ ಓದಿದೆ. ಅವರು ನಂಬಲಿ ಎಂದು ಇಂಗ್ಲಿಷಿನಲ್ಲೂ ಓದಿದೆ.

ಅತ್ತೆ ಬೆರಳೆತ್ತಿ ಪೂರ್ತಿ ಕೇಳಿದರು. ಆಮೇಲೆ ನಗತೊಡಗಿದರು. ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಒಳಗಿನಿಂದ ತಮ್ಮನ ಹೆಂಡತಿ ಗಾಬರಿಯಾಗಿ ಓಡಿಬಂದರು.

“ನೋಡೇ ಇವ್ನ” ಎಂದರು ಅತ್ತೆ. “ನೀನೇ ಸರಿ ಅಂತ ಬಾಯ್ಬಿಟ್ಟು ಹೇಳಿದ್ರೂ ಸಾಕಾಗ್ಲಿಲ್ಲ ಇವ್ನಿಗೆ. ಕಣ್ಣು ಕಾಣಲ್ಲ ಅಂತ ಪುಸ್ತಕನೇ ತಿದ್ದಿ ಓದ್ತಾ ಅವ್ನೆ!”

“ದೇವ್ರಾಣೆಗೂ ಹೀಗೇ ಇದೆ ಅತ್ತೆ, ನೀವು ಬೇರೆ ಯಾರ ಹತ್ರನಾದ್ರೂ ಓದ್ಸಿ ನೋಡಿ.”

“ಯಾಕೆ ಮಾರಾಯ ಅಷ್ಟು ಒದ್ದಾಡ್ತೀಯ? ಬರ್ದೋನಿಗೆ ಗೊತ್ತಾಗ್ಲಿಲ್ಲ, ನಿಂಗೆ ಗೊತ್ತಾಯ್ತು. ಅಷ್ಟೇ ತಾನೆ. ಮುಂದೆ ಓದು.”

ಮುಂದೆ ಓದಿದೆ. ಆವತ್ತು, ಮಾರನೆಯ ದಿನ, ಆ ವಾರವೆಲ್ಲ, ಪುಸ್ತಕ ಮುಗಿಯುವವರೆಗೆ ಒಂದು ಪದವನ್ನೂ ಆಚೀಚೆ ಮಾಡದೆ ಓದಿದೆ. ಎಲ್ಲಾದರೂ ಒಂದು ಒಳ್ಳೆಯ ಮಾತು ಬಂದರೆ ಸಾಕು, ಅತ್ತೆ ನನ್ನ ಕಡೆ ಓರೆಯಾಗಿ ತಿರುಗಿ ಕೇಳುತ್ತಿದ್ದರು:

“ಇದು ಅಂವ ಬರ್ದಿದ್ದಾ, ನೀನಾ?”